ಒಂದೂವರೆ ಅಡಿ ಟ್ಯಾಂಕಿನ ಫೈಟರ್‌ಗೆ ಜೊತೆ ಹುಡುಕುವಾಗ

ಬ್ಲೌಸ್ ಹೊಲಿಸಲು ಬಂದವರು ಅಳತೆ ಕೊಟ್ಟು ಮುಗಿಸುವಷ್ಟರಲ್ಲಿ ಒಮ್ಮೆಯಾದರೂ ಕೇಳುತ್ತಾರೆ. "ಅಕ್ಕಾ, ಪಾಪ ಒಂದೇ ಮೀನು ಇದೆಯಲ್ಲ. ಅದಕ್ಕೆ ಬೇಜಾರಾಗಲ್ವಾ? ಜೊತೆಗೆ ಇನ್ನೊಂದು ಬಿಡಬಾರದಾ?"

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದು ಟೈಲರಿಂಗ್ ಅಂಗಡಿ. ಕಟಿಂಗ್ ಟೇಬಲ್ ಪಕ್ಕದಲ್ಲಿ ಹನ್ನೊಂದು ವರ್ಷದಿಂದ ಮೀನಿನ ಟ್ಯಾಂಕ್ ಇದೆ. ಈಗ ಎರಡು ಇವೆ. ಒಂದು ಒಂದೂವರೆ ಅಡಿಯದು, ಇನ್ನೊಂದು ಒಂದು ಅಡಿಯದು. ಎರಡರಲ್ಲೂ ಒಂದೊಂದು ಗಂಡು ಫೈಟರ್, ಅಂದರೆ ಬೆಟ್ಟಾ ಅಂತಲೂ ಕರೆಯುವ ಉದ್ದ ಬಾಲದ ಮೀನು. ದೊಡ್ಡದರಲ್ಲಿ ಜೊತೆಗಾರರು ಇದ್ದಾರೆ. ಸಣ್ಣದರಲ್ಲಿ ಇರುವುದು ಒಂದು ಬಸವನಹುಳು ಮಾತ್ರ. ಅದು ಅಲ್ಲಿಗೇ ಯಾಕೆ ನಿಂತಿತು ಅನ್ನೋದನ್ನ ಹೇಳೋಕೆ ಇಷ್ಟು ಬರೆಯುತ್ತಿದ್ದೇನೆ.

ಬೇಜಾರಿನ ಮಾತು ಮೊದಲು. ಫೈಟರ್ ಗುಂಪಿನಲ್ಲಿ ಬಾಳುವ ಮೀನಲ್ಲ. ಇದರ ಮೂಲ ಥಾಯ್ಲೆಂಡ್ ಕಡೆಯ ಗದ್ದೆ, ಹೊಂಡ, ನಿಧಾನವಾಗಿ ಹರಿಯುವ ಕಾಲುವೆಗಳು. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಅಲ್ಲಿ ಗಂಡು ಮೀನು ಸ್ವಲ್ಪ ಜಾಗವನ್ನು ತನ್ನದು ಅಂತ ಮಾಡಿಕೊಂಡು, ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿ ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಕಿವಿರು ಅಗಲಿಸಿ ಹೆದರಿಸುತ್ತದೆ. ಸೋತದ್ದು ಗಿಡಗಳ ಸಂದಿಯಲ್ಲಿ ನುಗ್ಗಿ ದೂರ ಹೋಗುತ್ತದೆ. ಅಲ್ಲಿಗೆ ಜಗಳ ಮುಗಿಯಿತು. ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಸೋತ ಮೀನು ಎಲ್ಲಿಗೆ ಹೋಗಬೇಕು? ಸಾಲದ್ದಕ್ಕೆ, ನಮಗೆ ಸಿಗುವ ಮೀನುಗಳು ತಲೆಮಾರುಗಳಿಂದ ಕಾದಾಟಕ್ಕೆ ಆರಿಸಿ ಬೆಳೆಸಿದ ತಳಿಯಿಂದ ಬಂದವು. ಜೊತೆ ಬೇಕು ಅನ್ನಿಸುವುದು ನಮಗೆ. ಅದರಲ್ಲಿ ತಪ್ಪೇನೂ ಇಲ್ಲ, ನನಗೂ ಅನ್ನಿಸಿತ್ತು. ಆದರೆ ಒಂಟಿಯಾಗಿರುವ ಫೈಟರ್‌ಗೆ ಏನೂ ಕಮ್ಮಿಯಾಗಿರುವುದಿಲ್ಲ. ಈ ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ನಾನು ಮೊದಲ ವರ್ಷವೇ ಎರಡು ಗಂಡು ಗಪ್ಪಿ ತಂದು ಬಿಟ್ಟಿದ್ದೆ. ಅಂಗಡಿಯವರು "ಏನೂ ಆಗಲ್ಲ, ಬಿಡಿ" ಅಂದಿದ್ದರು. ಬೆಳಿಗ್ಗೆ ಶಟರ್ ಎತ್ತಿ ನೋಡಿದರೆ ಒಂದು ಗಪ್ಪಿಯ ಬಾಲವೇ ಇರಲಿಲ್ಲ. ಇನ್ನೊಂದು ಫಿಲ್ಟರ್ ಹಿಂದೆ ಸತ್ತು ಸಿಕ್ಕಿಕೊಂಡಿತ್ತು. ಕಾರಣ ಆಮೇಲೆ ತಿಳಿಯಿತು. ಬಣ್ಣದ ಅಗಲ ಬಾಲ ಕಂಡರೆ ಫೈಟರ್ ಅದನ್ನು ಇನ್ನೊಂದು ಗಂಡು ಫೈಟರ್ ಅಂದುಕೊಳ್ಳುತ್ತದೆ. ಮುಂದಿನ ಸಲ "ಹಾಗಾದರೆ ಚುರುಕಾದ ಮೀನು ತರೋಣ" ಅಂತ ಟೈಗರ್ ಬಾರ್ಬ್ ತಂದೆ. ಈ ಸಲ ಹರಿದದ್ದು ಫೈಟರ್‌ನ ಬಾಲ. ಮೂರೇ ದಿನದಲ್ಲಿ ಒಳ್ಳೆ ಸಿಲ್ಕ್ ಸೆರಗಿನಂಥ ಬಾಲ ಚಿಂದಿಯಾಯಿತು. ಆ ಎರಡು ತಪ್ಪು ಇವತ್ತಿಗೂ ನನಗೆ ನೋವು ಕೊಡುತ್ತವೆ. ನೀವು ಅವನ್ನು ಮತ್ತೆ ಮಾಡಬೇಕಾಗಿಲ್ಲ.

ಮೊದಲ ಕೆಲಸ ಟೇಪ್ ಹಿಡಿಯುವುದು. ನನ್ನ ಕುತ್ತಿಗೆಯಲ್ಲಿ ಯಾವಾಗಲೂ ನೇತಾಡುವ ಇಂಚ್ ಟೇಪೇ ಸಾಕು. ಉದ್ದ, ಅಗಲ, ಎತ್ತರ ಇಂಚಿನಲ್ಲಿ ಅಳೆದು ಮೂರನ್ನೂ ಗುಣಿಸಿ, 61ರಿಂದ ಭಾಗಿಸಿ. ಬರುವುದು ಲೀಟರ್ ಲೆಕ್ಕ. ನನ್ನ ದೊಡ್ಡ ಟ್ಯಾಂಕ್ 18, 12, 12. ಗುಣಿಸಿದರೆ 2592, ಅಂದರೆ 42 ಲೀಟರ್ ಚಿಲ್ಲರೆ. ಆದರೆ ತಳದಲ್ಲಿ ಮರಳಿದೆ, ಮೇಲೆ ಎರಡು ಇಂಚು ಖಾಲಿ ಬಿಡಬೇಕು. ಹಾಗಾಗಿ ನಿಜವಾದ ನೀರು 33 ಲೀಟರ್ ಆಸುಪಾಸು. ಸಣ್ಣದು 12, 8, 8. ಲೆಕ್ಕಕ್ಕೆ ಹನ್ನೆರಡೂವರೆ ಲೀಟರ್, ನಿಜಕ್ಕೆ ಒಂಬತ್ತೋ ಹತ್ತೋ. ಅಂಗಡಿಯಲ್ಲಿ "ಹದಿನೈದು ಲೀಟರ್ ಟ್ಯಾಂಕ್" ಅಂತ ಹೇಳಿ ಕೊಟ್ಟಿದ್ದು ಅದೇ. ಅಳೆದೇ ನಂಬಿ.

ನನ್ನ ಅನುಭವದ ನಿಯಮ ಹೀಗಿದೆ. ನಿಜವಾದ ನೀರು 20 ಲೀಟರ್‌ಗಿಂತ ಕಡಿಮೆ ಇದ್ದರೆ ಫೈಟರ್ ಜೊತೆ ಇನ್ನೊಂದು ಮೀನು ಬೇಡವೇ ಬೇಡ. ಬಸವನಹುಳು ಸಾಕು. 30 ದಾಟಿದರೆ ಸಣ್ಣ ಗುಂಪಿನ ಬಗ್ಗೆ ಯೋಚಿಸಬಹುದು. ನಡುವಿನದಕ್ಕೆ ಬಸವನಹುಳು, ಸೀಗಡಿ. ಲೀಟರ್‌ಗಿಂತ ಮುಖ್ಯವಾದದ್ದು ಉದ್ದ. ಎತ್ತರದ ಹೂದಾನಿಯಂಥ ಟ್ಯಾಂಕ್‌ನಲ್ಲಿ ನೀರು ಜಾಸ್ತಿ ಇದ್ದರೂ ಅಟ್ಟಿಸಿಕೊಂಡು ಬಂದಾಗ ಓಡಲು ಜಾಗ ಇರುವುದಿಲ್ಲ.

ಎರಡನೆಯದು, ನಿಮ್ಮ ಫೈಟರ್‌ನ ಸ್ವಭಾವ ತಿಳಿಯುವುದು. ಎಲ್ಲ ಫೈಟರ್ ಒಂದೇ ಅಲ್ಲ. ಇದನ್ನು ನನಗೆ ಕಲಿಸಿದ್ದು ಅಂಗಡಿಯ ಟ್ರಯಲ್ ಕನ್ನಡಿ. ಮೊದಲು ಟ್ಯಾಂಕ್ ಅದರ ಎದುರಿಗೇ ಇತ್ತು. ಆಗಿನ ಕೆಂಪು ಮೀನು ದಿನವಿಡೀ ಕಿವಿರು ಬಿಚ್ಚಿಕೊಂಡು ತನ್ನದೇ ನೆರಳಿನ ಜೊತೆ ಹೋರಾಡುತ್ತಿತ್ತು. ಊಟ ಬಿಟ್ಟಿತು, ಬಣ್ಣ ಮಂಕಾಯಿತು. ಟ್ಯಾಂಕ್ ತಿರುಗಿಸಿದ ಮೇಲೆ ನಾಲ್ಕು ದಿನಕ್ಕೆ ಸರಿಹೋಯಿತು. ಅದರ ನಂತರ ಬಂದ ನೀಲಿ ಮೀನು ಕನ್ನಡಿ ಕಂಡರೆ ಒಂದು ಸುತ್ತು ಹಾಕಿ ಸುಮ್ನೆ ಹೋಗಿಬಿಡುತ್ತಿತ್ತು. ನೀವೂ ಸಣ್ಣ ಕೈಗನ್ನಡಿಯನ್ನು ಎರಡು ನಿಮಿಷ ಹಿಡಿದು ನೋಡಿ. ಕನ್ನಡಿ ತೆಗೆದ ಮೇಲೆ ಎಷ್ಟು ಹೊತ್ತಿಗೆ ಸಮಾಧಾನ ಆಗುತ್ತದೆ ಅನ್ನೋದು ಗಮನಿಸಬೇಕಾದದ್ದು. ಒಂದೆರಡು ನಿಮಿಷದಲ್ಲಿ ರೆಕ್ಕೆ ಮಡಚಿ ತನ್ನ ಕೆಲಸಕ್ಕೆ ಹೋದರೆ ಆಸೆ ಇಟ್ಟುಕೊಳ್ಳಬಹುದು. ಅರ್ಧ ಗಂಟೆ ಗಾಜಿನ ಉದ್ದಕ್ಕೂ ಹುಡುಕಾಡುತ್ತಿದ್ದರೆ ಅದನ್ನು ಒಂಟಿಯಾಗಿಯೇ ಬಿಡಿ. ನನ್ನ ಸಣ್ಣ ಟ್ಯಾಂಕಿನವನು ಅಂಥವನು. ನನ್ನ ಕೆಂಪು ಉಗುರುಬಣ್ಣಕ್ಕೂ ಕಿವಿರು ಬಿಚ್ಚುತ್ತಾನೆ.

ಮೂರನೆಯದು ತುಂಬಾ ಜನ ಮರೆಯುವ ಕೆಲಸ. ಜೊತೆಗಾರ ಮನೆಗೆ ಬರುವ ಮೊದಲೇ ಅದನ್ನು ಬೇರೆ ಇಡಲು ಇನ್ನೊಂದು ಪಾತ್ರೆ ಸಿದ್ಧ ಇರಬೇಕು. ಐದಾರು ಲೀಟರಿನ ಉಪ್ಪಿನಕಾಯಿ ಡಬ್ಬ, ಮಸಾಲೆ ವಾಸನೆ ಪೂರ್ತಿ ಹೋಗುವಂತೆ ತೊಳೆದದ್ದು, ಆದೀತು. ಸೋಪು ಹಾಕಬೇಡಿ, ಬರೀ ಬಿಸಿನೀರು ಸಾಕು. ಜಗಳ ಶುರುವಾದಾಗ ರಾತ್ರಿ ಒಂಬತ್ತು ಗಂಟೆ ಆಗಿರುತ್ತದೆ, ಯಾವ ಅಂಗಡಿಯೂ ತೆರೆದಿರುವುದಿಲ್ಲ. ಡಬ್ಬ ಇಲ್ಲದೆ ಮೀನು ತರಬೇಡಿ.

ಇನ್ನು ಯಾರನ್ನು ತರಬೇಕು ಅನ್ನೋದು.

ನನ್ನ ಮೊದಲ ಆಯ್ಕೆ ಯಾವತ್ತೂ ಬಸವನಹುಳು. ಅದರಲ್ಲೂ ನೆರೈಟ್. ಬಟಾಣಿ ಗಾತ್ರದಿಂದ ಹಿಡಿದು ಒಂದು ಇಂಚಿನ ಹತ್ತಿರದವರೆಗೆ ಸಿಗುತ್ತದೆ. ಚಿಪ್ಪಿನ ಮೇಲೆ ಸೀರೆ ಬಾರ್ಡರ್ ತರಹ ಗೆರೆಗಳು. ಗಾಜಿನ ಪಾಚಿ ತಿನ್ನುತ್ತದೆ. ಕೊಂಬುಗಳು ಚಿಕ್ಕವು, ಹಾಗಾಗಿ ಫೈಟರ್‌ಗೆ ಕಚ್ಚಲು ಏನೂ ಸಿಗುವುದಿಲ್ಲ. ನಮ್ಮ ಬೋರ್ ನೀರು ಗಡಸು. ಹಂಡೆಯಲ್ಲಿ ಬಿಳಿ ಪದರ ಕಟ್ಟುವ ನೀರು. ಎಷ್ಟೋ ಮೀನುಗಳಿಗೆ ಅದು ಆಗಿಬರುವುದಿಲ್ಲ, ಆದರೆ ಬಸವನಹುಳುವಿಗೆ ಅದೇ ಒಳ್ಳೆಯದು. ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಅದರಲ್ಲಿದೆ. ಮೆದು ನೀರಿನಲ್ಲಿ ಚಿಪ್ಪು ಸವೆದು ಗುಳಿ ಬೀಳುತ್ತದೆ. ನೆರೈಟ್ ಮೊಟ್ಟೆ ಇಡುತ್ತದೆ, ಎಳ್ಳಿನಂಥ ಬಿಳಿ ಚುಕ್ಕೆಗಳು ಗಾಜಿಗೆ ಅಂಟುತ್ತವೆ. ಅವು ಸಿಹಿನೀರಿನಲ್ಲಿ ಮರಿಯಾಗಿ ಬೆಳೆಯುವುದಿಲ್ಲ, ಉಪ್ಪಿನ ಅಂಶ ಬೇಕು. ಆದ್ದರಿಂದ ಹುಳು ತುಂಬಿಹೋಗುತ್ತದೆ ಅನ್ನೋ ಭಯ ಬೇಡ. ಚುಕ್ಕೆ ಕೆರೆದು ತೆಗೆಯುವುದೊಂದೇ ಕಷ್ಟ.

ಆಪಲ್ ಸ್ನೇಲ್ ಅನ್ನುವ ದೊಡ್ಡ ಹಳದಿ ಬಸವನಹುಳುವೂ ಸಿಗುತ್ತದೆ. ನೋಡಲು ಚೆಂದ. ಆದರೆ ಅದರ ಮೀಸೆ ಉದ್ದ. ತೇಲಾಡುವ ಮೀಸೆ ಫೈಟರ್ ಕಣ್ಣಿಗೆ ಹುಳ. ನನ್ನ ಒಂದು ಆಪಲ್ ಸ್ನೇಲ್ ವಾರವಿಡೀ ಬಾಗಿಲು ಮುಚ್ಚಿಕೊಂಡು ಕೂತಿತ್ತು, ತೆಗೆದು ಡಬ್ಬಕ್ಕೆ ಹಾಕಿದ ದಿನವೇ ಸೌತೆಕಾಯಿ ಚೂರು ತಿಂದಿತು. ಎರಡು ದಿನ ಹೊರಗೆ ಬರದಿದ್ದರೆ ಬೇರೆ ಮಾಡಿ. ಹುಳು ಸತ್ತಿದೆಯೋ ಅನ್ನೋ ಅನುಮಾನ ಬಂದರೆ ಎತ್ತಿ ಮೂಸಿ ನೋಡಿ. ಸತ್ತಿದ್ದರೆ ಆ ವಾಸನೆಯನ್ನು ಮರೆಯಲು ಆಗುವುದಿಲ್ಲ. ತಕ್ಷಣ ತೆಗೆಯಬೇಕು, ಸಣ್ಣ ಟ್ಯಾಂಕಿನ ನೀರನ್ನು ಒಂದೇ ದಿನದಲ್ಲಿ ಕೆಡಿಸಿಬಿಡುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ: ಬಸವನಹುಳು ಮೀನಿನ ಹಿಕ್ಕೆ ತಿಂದು ಟ್ಯಾಂಕ್ ಸ್ವಚ್ಛ ಮಾಡುತ್ತದೆ ಅಂತ. ಇಲ್ಲ, ಅದು ತಿನ್ನುವುದು ಪಾಚಿ ಮತ್ತು ಉಳಿದ ಆಹಾರ. ಹಿಕ್ಕೆ ತೆಗೆಯುವುದು ನಮ್ಮ ಕೆಲಸ.

ಕೆರೆಯಿಂದ ಹುಳು ತರಬೇಡಿ. ಕುಂದವಾಡ ಕೆರೆಗೆ ವಾಕಿಂಗ್ ಹೋದ ಮಕ್ಕಳು ಬಾಟಲಿಯಲ್ಲಿ ತಂದುಕೊಡುತ್ತಾರೆ. ಅದರ ಜೊತೆ ಏನೇನು ಪರೋಪಜೀವಿ ಬರುತ್ತದೋ ಕಣ್ಣಿಗೆ ಕಾಣುವುದಿಲ್ಲ. ಹಾಗೇ ಬೇಡವಾದ ಮೀನನ್ನು ಕೆರೆಗೆ ಬಿಡಲೂ ಬೇಡಿ. ದಯವಿಟ್ಟು.

ಸೀಗಡಿ ಎರಡನೇ ಆಯ್ಕೆ. ಚೆರ್ರಿ ಶ್ರಿಂಪ್ ಒಂದು ಇಂಚಿನಷ್ಟು ಬೆಳೆಯುತ್ತದೆ, ಗಡಸು ನೀರನ್ನು ತಡೆಯುತ್ತದೆ. ಒಂದು ಮಾತು ಸ್ಪಷ್ಟವಾಗಿ ತಿಳಿದಿರಲಿ. ಮರಿಗಳನ್ನು ಫೈಟರ್ ತಿನ್ನುತ್ತದೆ. ಜೋರಿನವನಾದರೆ ದೊಡ್ಡವನ್ನೂ ಬಿಡುವುದಿಲ್ಲ. ಜಾವಾ ಪಾಚಿ ಅನ್ನುವ ಪೊದೆಯಂಥ ನೀರಿನ ಗಿಡ ಮುಷ್ಟಿಗಟ್ಟಲೆ ಇದ್ದರೆ ಸ್ವಲ್ಪ ಉಳಿಯುತ್ತವೆ. ಅದು ನಿಮಗೆ ಒಪ್ಪಿಗೆ ಆಗದಿದ್ದರೆ ತರಬೇಡಿ. ನನಗೆ ಒಪ್ಪಿಗೆ ಆಗಲಿಲ್ಲ.

ಮೀನೇ ಬೇಕು ಅನ್ನುವವರು ನಾಲ್ಕು ವಿಷಯ ನೋಡಬೇಕು. ಬಾಲ ಚಿಕ್ಕದಿರಬೇಕು. ಬಣ್ಣ ಫೈಟರ್‌ನಂತೆ ಇರಬಾರದು. ಇನ್ನೊಬ್ಬರ ರೆಕ್ಕೆ ಕಚ್ಚುವ ಚಾಳಿ ಇರಬಾರದು. ಈಜುವ ಮಟ್ಟ ಬೇರೆ ಇರಬೇಕು. ಫೈಟರ್ ಹೆಚ್ಚು ಹೊತ್ತು ಮೇಲಿನ ಮೂರನೇ ಒಂದು ಭಾಗದಲ್ಲಿ ಇರುತ್ತದೆ, ಜೊತೆಗಾರ ನಡುವಿನಲ್ಲೋ ತಳದಲ್ಲೋ ಇದ್ದರೆ ಮುಖಾಮುಖಿ ಕಡಿಮೆ. ನನ್ನ ದೊಡ್ಡ ಟ್ಯಾಂಕಿನಲ್ಲಿ ಈಗ ಇರುವುದು ಎಂಟು ಎಂಬರ್ ಟೆಟ್ರಾ. ಮೂಲ ಬ್ರೆಜಿಲ್. ಬೆಳೆದರೂ ಎರಡು ಸೆಂಟಿಮೀಟರ್, ಅಂದರೆ ಸಣ್ಣ ಶರ್ಟ್ ಗುಂಡಿ ಎರಡು ಸೇರಿಸಿದಷ್ಟು. ಕಿತ್ತಳೆ ಬಣ್ಣ, ಮೋಟು ಬಾಲ, ಸ್ವಭಾವ ಮೃದು. ಇವು ಇಲ್ಲಿ ಸುಲಭಕ್ಕೆ ಸಿಗಲಿಲ್ಲ. ತಮ್ಮನ ಮಗ ಬೆಂಗಳೂರಿನಿಂದ ರೈಲಿನಲ್ಲಿ ಕವರಿನಲ್ಲಿ ತಂದುಕೊಟ್ಟ. ಇವಕ್ಕೆ ಪೂರ್ತಿ ಬೋರ್ ನೀರು ಬೇಡ. ನಾನು ನಲ್ಲಿಯ ಹೊಳೆ ನೀರನ್ನು ಹಿಡಿದಿಟ್ಟು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಅದನ್ನೇ ಬಳಸುತ್ತೇನೆ. ಗುಂಪಿನ ಮೀನನ್ನು ಎರಡೋ ಮೂರೋ ತರುವುದು ಅನ್ಯಾಯ. ಆರಾದರೂ ಇರಬೇಕು. ಇಲ್ಲದಿದ್ದರೆ ಅವು ಹೆದರಿ ಮೂಲೆ ಸೇರುತ್ತವೆ, ಇಲ್ಲವೇ ಒಂದನ್ನೊಂದು ಪೀಡಿಸುತ್ತವೆ.

ನಿಯಾನ್ ಟೆಟ್ರಾ ಎಲ್ಲೆಡೆ ಸಿಗುತ್ತದೆ. ಆದರೆ ಅದಕ್ಕೆ ತಂಪು ನೀರು ಇಷ್ಟ, 26 ಡಿಗ್ರಿ ಒಳಗೆ. ಏಪ್ರಿಲ್‌ನಲ್ಲಿ ನನ್ನ ಅಂಗಡಿಯ ಟ್ಯಾಂಕ್ 32 ಮುಟ್ಟುತ್ತದೆ. ದಾವಣಗೆರೆ ಬಿಸಿಲಿಗೆ ನಾನು ಅದನ್ನು ಹೇಳುವುದಿಲ್ಲ. ಕೋರಿಡೋರಾಸ್ ಒಳ್ಳೆಯ ತಳದ ಮೀನು, ಆದರೆ ಆರು ಬೇಕು, ಎರಡಡಿ ಟ್ಯಾಂಕ್ ಬೇಕು, ನುಣುಪು ಮರಳು ಬೇಕು.

ಬೇಡವಾದವರ ಪಟ್ಟಿ ಉದ್ದ, ಬೇಗ ಹೇಳಿಬಿಡುತ್ತೇನೆ. ಇನ್ನೊಂದು ಗಂಡು ಫೈಟರ್ ಯಾವ ಕಾರಣಕ್ಕೂ ಬೇಡ. ಹೆಣ್ಣು ಫೈಟರ್ ಖಾಯಂ ಜೊತೆಯಾಗಿ ಬೇಡ, ಮರಿ ಮಾಡಿಸುವವರೂ ಕೆಲಸ ಮುಗಿದ ಕೂಡಲೇ ಬೇರೆ ಮಾಡುತ್ತಾರೆ. ಗೌರಾಮಿ ಫೈಟರ್‌ನ ಹತ್ತಿರದ ಸಂಬಂಧಿ, ಅದೇ ಜಗಳಕ್ಕೆ ಕಾರಣ. ಟೈಗರ್ ಬಾರ್ಬ್, ಸರ್ಪೆ ಟೆಟ್ರಾ, ವಿಡೋ ಟೆಟ್ರಾ ರೆಕ್ಕೆ ಕಚ್ಚುವವರು. ಜೀಬ್ರಾ ಡಾನಿಯೋ ನಮ್ಮ ದೇಶದ್ದೇ ಮೀನು, ಗಟ್ಟಿಮುಟ್ಟು, ಆದರೆ ಅದರ ಓಡಾಟ ಸಣ್ಣ ಟ್ಯಾಂಕಿಗೆ ಜಾಸ್ತಿ. ಗೋಲ್ಡ್ ಫಿಶ್ ದೊಡ್ಡದಾಗುತ್ತದೆ, ಗಲೀಜು ಮಾಡುತ್ತದೆ, ತಂಪು ಬಯಸುತ್ತದೆ.

ಸಕ್ಕರ್ ಫಿಶ್ ಬಗ್ಗೆ ಸ್ವಲ್ಪ ನಿಲ್ಲಬೇಕು. "ಟ್ಯಾಂಕ್ ಕ್ಲೀನ್ ಮಾಡುತ್ತೆ" ಅಂತ ಪ್ರತಿ ಹೊಸಬರ ಕವರಿಗೂ ಒಂದು ಹಾಕಿ ಕೊಡುತ್ತಾರೆ. ಎರಡಿಂಚು ಇರುವ ಅದು ಒಂದಡಿ ಮೀರಿ ಬೆಳೆಯುತ್ತದೆ. ತಿನ್ನುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಹಸಿವಾದರೆ ರಾತ್ರಿ ನಿದ್ದೆಯಲ್ಲಿರುವ ಮೀನಿನ ಮೈಗೆ ಅಂಟಿ ಲೋಳೆ ಹೀರುವುದೂ ಉಂಟು. ಒಂದೂವರೆ ಅಡಿಯಲ್ಲಿ ಅದನ್ನು ಸಾಕಲು ಸಾಧ್ಯವೇ ಇಲ್ಲ. ಕೊನೆಗೆ ಜನ ಅದನ್ನು ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ನಮ್ಮ ಮೀನುಗಳ ಜಾಗ ತಿನ್ನುತ್ತದೆ. ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಇತ್ತೀಚೆಗೆ ಹುಡುಗರು ಪೀ ಪಫರ್ ಕೇಳುತ್ತಿದ್ದಾರೆ. ಬಟಾಣಿಯಷ್ಟು ಚಿಕ್ಕ, ಹಸಿರು ಹಳದಿ ಮೈ, ಕಪ್ಪು ಮಚ್ಚೆ, ಕಣ್ಣು ತಿರುಗಿಸಿ ನೋಡುವ ಮುದ್ದು ಮೀನು. ಇದು ನಮ್ಮ ಪಶ್ಚಿಮ ಘಟ್ಟದ ನದಿಗಳದ್ದೇ. ಇದಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1941ರಲ್ಲಿ, ತಿರುವಾಂಕೂರಿನ ಹೆಸರೇ ಅದಕ್ಕಿದೆ. ಹೊಳೆಗಳಲ್ಲಿ ಇದರ ಸಂಖ್ಯೆ ಅಪಾಯದ ಅಂಚಿಗೆ ಬಂದಿದೆ. ಹೊಳೆಯಿಂದ ಹಿಡಿದು ಮಾರುವುದೂ ಅದಕ್ಕೆ ಒಂದು ಕಾರಣ. ಫೈಟರ್ ಜೊತೆ ಇದನ್ನು ಬಿಟ್ಟರೆ ರೆಕ್ಕೆ ತುಂಡು ತುಂಡಾಗುತ್ತದೆ. ಬಸವನಹುಳು ಇದರ ಊಟ. ಸಾಕುವುದಾದರೆ ಇದೊಂದನ್ನೇ, ಗಿಡ ತುಂಬಿದ ಟ್ಯಾಂಕಿನಲ್ಲಿ, ಅದೂ ಮನೆಯಲ್ಲೇ ಮರಿ ಮಾಡಿಸಿದವರ ಹತ್ತಿರ ಸಿಕ್ಕರೆ ಮಾತ್ರ.

ಮೀನು ತಂದ ದಿನ ಅವಸರ ಬೇಡ. ಟ್ಯಾಂಕ್ ಹೊಸದಾಗಿದ್ದರೆ ಮೊದಲು ನಾಲ್ಕರಿಂದ ಆರು ವಾರ ಸ್ಪಂಜ್ ಫಿಲ್ಟರ್ ಓಡಬೇಕು. ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆ ಊರಲು ಅಷ್ಟು ಸಮಯ ಹಿಡಿಯುತ್ತದೆ. ಹೊಸ ಮೀನನ್ನು ಎರಡು ವಾರ ಬೇರೆ ಡಬ್ಬದಲ್ಲಿ ಇಟ್ಟು ರೋಗ ಇಲ್ಲ ಅಂತ ನೋಡಿಕೊಳ್ಳಿ. ಡಬ್ಬದಲ್ಲೂ ಗಾಳಿ ಬೇಕು, ದಿನ ಬಿಟ್ಟು ದಿನ ಸ್ವಲ್ಪ ನೀರು ಬದಲಿಸಬೇಕು. ಆಮೇಲೆ ನಾನು ಮಾಡುವುದು ಹೀಗೆ. ಫೈಟರ್‌ನನ್ನು ಎತ್ತಿ ಅದೇ ಟ್ಯಾಂಕಿನ ನೀರಿರುವ ಡಬ್ಬಕ್ಕೆ ಹಾಕುತ್ತೇನೆ. ಕಲ್ಲು, ಗಿಡ ಎಲ್ಲವನ್ನೂ ಜಾಗ ಬದಲಿಸುತ್ತೇನೆ. ಹೊಸಬರನ್ನು ಮೊದಲು ಬಿಟ್ಟು ಒಂದು ದಿನ ಓಡಾಡಲು ಕೊಡುತ್ತೇನೆ. ಮರುದಿನ ಸಂಜೆ ಲೈಟ್ ಆರಿಸಿ ಫೈಟರ್‌ನನ್ನು ಬಿಡುತ್ತೇನೆ. ಆಗ ಅದಕ್ಕೆ ಜಾಗ ಹೊಸದು. "ನನ್ನ ಮನೆಗೆ ಬಂದರು" ಅನ್ನೋ ಸಿಟ್ಟು ಕಮ್ಮಿ. ಗಿಡ ಜಾಸ್ತಿ ಇರಲಿ, ಟ್ಯಾಂಕಿನ ಒಂದು ತುದಿಯಿಂದ ಇನ್ನೊಂದು ತುದಿ ಕಾಣಬಾರದು. ಕಾಡು ಬಾದಾಮಿ ಮರದ ಒಣಗಿ ಉದುರಿದ ಎಲೆ ತೊಳೆದು ಹಾಕಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಫೈಟರ್‌ಗೆ ಅದು ಇಷ್ಟ, ಸಣ್ಣ ಮೀನುಗಳಿಗೆ ಅಡಗಲು ಎಲೆಯೇ ಆಸರೆ. ಔಷಧಿ ಹೊಡೆದ ಮರದ್ದು ಬೇಡ.

ಮೊದಲ ಒಂದು ಗಂಟೆ ಅಲ್ಲೇ ಕೂತು ನೋಡಿ. ನಾನು ಆ ಹೊತ್ತಿಗೆ ಹುಕ್ಸ್ ಹಚ್ಚುವ ಕೆಲಸ ಇಟ್ಟುಕೊಳ್ಳುತ್ತೇನೆ. ಒಂದೆರಡು ಸಲ ಕಿವಿರು ಬಿಚ್ಚಿ ಓಡಿಸುವುದು ಸಹಜ. ಒಂದೇ ಮೀನನ್ನು ಬಿಡದೆ ಅಟ್ಟಿಸುವುದು, ಬಾಲದ ಅಂಚು ಹರಿಯುವುದು, ಜೊತೆಗಾರ ಊಟಕ್ಕೂ ಹೊರಬರದಿರುವುದು, ಇವು ಕಂಡರೆ "ನಾಳೆ ನೋಡೋಣ" ಅನ್ನಬೇಡಿ. ಆಗಲೇ ಬೇರೆ ಮಾಡಿ. ಫೈಟರ್ ಕಡೆಯೂ ಗಮನ ಇರಲಿ. ಅದು ರೆಕ್ಕೆ ಮುದುಡಿ ಮೂಲೆಯಲ್ಲಿ ನಿಂತರೆ ಸೋತಿರುವುದು ಅದೇ. ಎರಡು ತಿಂಗಳು ಸುಮ್ನೆ ಇದ್ದು ಒಂದು ದಿನ ತಿರುಗಿಬಿದ್ದ ಫೈಟರ್‌ನನ್ನೂ ನಾನು ಸಾಕಿದ್ದೇನೆ.

ಬೇಸಿಗೆ ಬಗ್ಗೆ ಹೇಳದಿದ್ದರೆ ನಮ್ಮೂರಿನವರಿಗೆ ಪ್ರಯೋಜನ ಇಲ್ಲ. ಫೈಟರ್ ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು, ತಲೆಯಲ್ಲಿ ಅದಕ್ಕೆ ಬೇರೆ ಅಂಗವೇ ಇದೆ. ಟೆಟ್ರಾಗೆ ಅದು ಇಲ್ಲ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 32 ಆದರೆ 7 ಚಿಲ್ಲರೆಗೆ ಇಳಿಯುತ್ತದೆ. ಬಿಸಿಗೆ ಮೀನಿನ ಉಸಿರಾಟದ ಅಗತ್ಯ ಮಾತ್ರ ಏರುತ್ತದೆ. ಆ ಹೊತ್ತಿಗೇ ಕರೆಂಟ್ ಹೋದರೆ ಏರ್ ಪಂಪ್ ನಿಲ್ಲುತ್ತದೆ. ಒಂಟಿ ಫೈಟರ್ ಇದ್ದವರು ನಿಶ್ಚಿಂತೆಯಿಂದ ಇರಬಹುದು. ಜೊತೆಗಾರರು ಇರುವವರು ಬ್ಯಾಟರಿ ಪಂಪ್ ಇಟ್ಟುಕೊಳ್ಳಲೇಬೇಕು. ಅದೂ ಇಲ್ಲದಿದ್ದರೆ ಲೋಟದಿಂದ ನೀರು ಎತ್ತಿ ಎತ್ತಿ ಸುರಿಯಿರಿ. ಐಸ್ ಗಡ್ಡೆ ನೇರ ಹಾಕಬೇಡಿ. ಹೊರಗಿನಿಂದ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಗಾಳಿ ಬಿಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ. ನನ್ನಲ್ಲಿ ಲೈನಿಂಗ್ ಬಟ್ಟೆ ತುಂಡುಗಳಿಗೆ ಬರವಿಲ್ಲ. ಮುಚ್ಚಳ ಮಾತ್ರ ಇರಲಿ, ಫೈಟರ್ ಹಾರುತ್ತದೆ, ನೆರೈಟ್ ಹತ್ತಿ ಹೊರಬರುತ್ತದೆ. ಗಾಳಿಯಾಡುವ ಜಾಲರಿ ಒಳ್ಳೆಯದು.

ಸೊಳ್ಳೆ ಔಷಧಿ, ಜಿರಳೆ ಚಾಕ್‌ಪೀಸ್ ಟ್ಯಾಂಕಿನ ಹತ್ತಿರ ಬೇಡ, ಅದರಲ್ಲಿರುವ ವಿಷ ಮೀನಿಗೆ ತುಂಬಾ ಕೆಟ್ಟದ್ದು. ಮಷಿನ್ ಎಣ್ಣೆ ಕೈಯನ್ನು ನೀರಿಗೆ ಅದ್ದುವ ಮೊದಲು ಚೆನ್ನಾಗಿ ತೊಳೆಯುತ್ತೇನೆ. ಇನ್ನು ಮಂಡಕ್ಕಿ. ಸಂಜೆ ಅಮ್ಮಂದಿರ ಜೊತೆ ಬರುವ ಮಕ್ಕಳ ಕೈಯಲ್ಲಿ ಪೊಟ್ಟಣ ಇದ್ದೇ ಇರುತ್ತದೆ, ಪ್ರೀತಿಯಿಂದ ಎರಡು ಕಾಳು ಹಾಕುತ್ತಾರೆ. ಫೈಟರ್ ಹುಳ ಹುಪ್ಪಟೆ ತಿನ್ನುವ ಮೀನು. ಮಂಡಕ್ಕಿ ಊದಿ ಕೊಳೆತು ನೀರು ಕೆಡಿಸುತ್ತದೆ. ಅದಕ್ಕೇ ಪೆಲೆಟ್ ಡಬ್ಬಿಯನ್ನೇ ಮಕ್ಕಳ ಕೈಗೆ ಕೊಟ್ಟು, ಎಣಿಸಿ ಮೂರೇ ಕಾಳು ಹಾಕಿಸುತ್ತೇನೆ. ಟೆಟ್ರಾಗಳಿಗೆ ಪುಡಿಯನ್ನು ಇನ್ನೊಂದು ತುದಿಯಲ್ಲಿ ಅದೇ ಹೊತ್ತಿಗೆ ಹಾಕಬೇಕು. ಊಟದ ಜಾಗ ಬೇರೆಯಾದರೆ ಅರ್ಧ ಜಗಳ ಇಲ್ಲ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ತೆಗೆದ ಆ ನೀರಿನಲ್ಲೇ ಸ್ಪಂಜು ಹಿಂಡುತ್ತೇನೆ, ನಲ್ಲಿ ನೀರಿನಲ್ಲಿ ಹಿಂಡಿದರೆ ಕ್ಲೋರಿನ್‌ಗೆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ. ದೊಡ್ಡ ಟ್ಯಾಂಕಿನೊಳಗೆ ಒಂದು ಹೆಚ್ಚುವರಿ ಸ್ಪಂಜು ಯಾವಾಗಲೂ ಹಿಂದಿನ ಮೂಲೆಯಲ್ಲಿ ಇರುತ್ತದೆ. ಉಪ್ಪಿನಕಾಯಿ ಡಬ್ಬ ದಾರದ ಸ್ಟ್ಯಾಂಡಿನ ಕೆಳಗೆ, ಖಾಲಿ, ಒಣಗಿಸಿ ಇಟ್ಟಿದ್ದೇನೆ. ಬೇಕಾದ ದಿನ ಅದೇ ಟ್ಯಾಂಕಿನ ನೀರು ತುಂಬಿ, ಆ ಸ್ಪಂಜು ಇಳಿಬಿಟ್ಟು, ಪಂಪಿನ ನಳಿಕೆ ಸಿಕ್ಕಿಸಿದರೆ ಮೀನು ಬಿಡಲು ಎರಡು ನಿಮಿಷ ಸಾಕು.